ಗದ್ದದ ಜಾಗ ತೀರ್ಮಾನವಾಗುವುದು ಕಿವಿಯ ಮುಂದೆ

ಹಲ್ಲಿಗೆ ಕ್ಲಿಪ್ ಹಾಕಿಸಲು ಬರುವವರ ಗಮನವೆಲ್ಲ ಮುಂದಿನ ಆರೆಂಟು ಹಲ್ಲುಗಳ ಮೇಲಿರುತ್ತದೆ. ಆದರೆ ಆರ್ಥೊಡಾಂಟಿಸ್ಟ್ ಬಾಯೊಳಗೆ ಕನ್ನಡಿ ಇಡುವ ಮೊದಲು ಎರಡೂ ಕಿವಿಗಳ ಮುಂದೆ ಬೆರಳಿಟ್ಟು, ‘ನಿಧಾನವಾಗಿ ಬಾಯಿ ತೆಗೆಯಿರಿ, ಈಗ ಮುಚ್ಚಿ’ ಎನ್ನುತ್ತಾರೆ. ಹಲ್ಲು ತೋರಿಸಲು ಬಂದರೆ ಕಿವಿ ಯಾಕೆ ಮುಟ್ಟುತ್ತಾರೆ ಎಂದು ಹಲವರಿಗೆ ಅನಿಸುವುದುಂಟು. ಬೆರಳಿನಡಿ ಇರುವುದು ದವಡೆಯ ಕೀಲು. ಕೆಳಗಿನ ಹಲ್ಲುಗಳೆಲ್ಲ ಕೂತಿರುವ ಮೂಳೆ ತಲೆಬುರುಡೆಗೆ ಸೇರಿಕೊಳ್ಳುವುದು ಈ ಎರಡೇ ಜಾಗಗಳಲ್ಲಿ. ಅಲ್ಲಿ ಎರಡು ಮೂರು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಗದ್ದ ಜಾಗ ಬದಲಿಸುತ್ತದೆ, ಮುಖದ ಉದ್ದ ಬದಲಾಗುತ್ತದೆ, ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟುವುದೂ ಬಿಡುವುದೂ ಅದರಿಂದಲೇ ಆಗಬಹುದು.

ಕೀಲಿನೊಳಗೆ ಏನಿದೆ

ಕೆಳದವಡೆ ಗದ್ದದಿಂದ ಹಿಂದಕ್ಕೆ ಮಲಗಿದಂತೆ ಸಾಗಿ, ಕೆನ್ನೆಯ ಹಿಂದೆ ಮೇಲಕ್ಕೆ ಎದ್ದು ನಿಲ್ಲುತ್ತದೆ. ಈ ಎದ್ದು ನಿಂತ ಭಾಗಕ್ಕೆ ರೇಮಸ್ ಎಂದು ಹೆಸರು. ರೇಮಸ್‌ನ ತುದಿಯಲ್ಲಿರುವ ಉರುಟು ತಲೆಯೇ ಕಾಂಡೈಲ್. ಅಕ್ಕಪಕ್ಕದ ಅಳತೆಯಲ್ಲಿ ಇದು 15ರಿಂದ 20 ಮಿ.ಮೀ., ಹಿಂದುಮುಂದಾಗಿ 8ರಿಂದ 10 ಮಿ.ಮೀ. ಅಂದರೆ ಗೋಲಿಯಂತೆ ದುಂಡಗಿಲ್ಲ, ಅಡ್ಡ ಇಟ್ಟ ಹುಣಸೆಬೀಜದಂತೆ. ನೆಟ್ಟಗೆ ಅಡ್ಡವೂ ಅಲ್ಲ. ಒಳತುದಿ ತುಸು ಹಿಂದಕ್ಕೆ ತಿರುಗಿರುತ್ತದೆ. ಈ ಓರೆ ಮುಂದೆ ಎಕ್ಸ್‌ರೇ ಓದುವಾಗ ತೊಂದರೆ ಕೊಡುತ್ತದೆ, ಆದ್ದರಿಂದ ನೆನಪಿಟ್ಟುಕೊಳ್ಳಿ.

ಕಾಂಡೈಲ್‌ಗೆ ಎದುರಾಗಿ, ಕಿವಿಯ ಬಳಿ ತಲೆಬುರುಡೆಯ ಪಕ್ಕದಲ್ಲಿರುವ ಟೆಂಪೊರಲ್ ಮೂಳೆಯ ತಳದಲ್ಲಿ ಒಂದು ಗುಳಿ ಇದೆ. ಗುಳಿಯ ಮುಂದಕ್ಕೆ ಒಂದು ದಿಬ್ಬ. ಕಾಂಡೈಲ್ ಗುಳಿಯ ತಾರಸಿಗೆ ಒತ್ತಿಕೊಂಡು ಭಾರ ಹೊರುತ್ತದೆ ಎಂದು ಚಿತ್ರ ನೋಡಿದವರು ಅಂದುಕೊಳ್ಳುವುದು ಸಹಜ. ಒಣ ತಲೆಬುರುಡೆಯನ್ನು ಬೆಳಕಿಗೆ ಹಿಡಿದರೆ ಈ ಊಹೆ ತಪ್ಪೆಂದು ಗೊತ್ತಾಗುತ್ತದೆ: ಆ ತಾರಸಿ ಎಷ್ಟು ತೆಳುವೆಂದರೆ ಬೆಳಕು ಅದರ ಮೂಲಕ ಹಾಯುತ್ತದೆ. ಭಾರ ಬೀಳುವುದು ದಿಬ್ಬದ ಹಿಂದಿನ ಇಳಿಜಾರಿನ ಮೇಲೆ. ಕಾಂಡೈಲ್‌ನ ಮೇಲ್ಮುಂಭಾಗ ಅಲ್ಲಿಗೆ ಒರಗುತ್ತದೆ, ಮೂಳೆ ಗಟ್ಟಿಯಾಗಿರುವುದೂ ಅಲ್ಲೇ.

ಇವೆರಡರ ನಡುವೆ ಡಿಸ್ಕ್ ಎಂಬ ನಾರಿನ ಬಿಲ್ಲೆ. ಮಧ್ಯದಲ್ಲಿ ಅದರ ದಪ್ಪ ಸುಮಾರು 1 ಮಿ.ಮೀ., ಮುಂದಿನ ಅಂಚು 2 ಮಿ.ಮೀ., ಹಿಂದಿನ ಅಂಚು 3 ಮಿ.ಮೀ. ಮಧ್ಯ ತೆಳುವಾಗಿ ಅಂಚು ದಪ್ಪವಾಗಿರುವುದರಿಂದ ಟೋಪಿಯಂತೆ ಕಾಂಡೈಲ್ ಮೇಲೆ ಕೂತು, ಅದು ಹೋದಲ್ಲಿಗೆ ಜೊತೆಗೆ ಹೋಗುತ್ತದೆ. ಬಿಲ್ಲೆಯ ಮಧ್ಯದಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ಎಷ್ಟು ಒತ್ತಿದರೂ ನೋವಾಗದು. ಹಿಂದೆ ಅದಕ್ಕೆ ಅಂಟಿಕೊಂಡಿರುವ ಮೆತ್ತನೆಯ ಅಂಗಾಂಶದಲ್ಲಿ ಮಾತ್ರ ಎರಡೂ ಧಾರಾಳವಾಗಿವೆ. ಬಿಲ್ಲೆ ಮುಂದಕ್ಕೆ ಜಾರಿ ಕಾಂಡೈಲ್ ಈ ಮೆತ್ತೆಯ ಮೇಲೆ ಕೂತಾಗ ನೋವು ಬರುವುದು ಅದಕ್ಕೇ.

ಡಿಸ್ಕ್ ಕೀಲನ್ನು ಎರಡು ಅಂತಸ್ತಾಗಿ ಮಾಡುತ್ತದೆ. ಕೆಳಗಿನ ಅಂತಸ್ತಿನಲ್ಲಿ ಕಾಂಡೈಲ್ ಇದ್ದಲ್ಲೇ ಉರುಳುತ್ತದೆ. ಬಾಯಿ ತೆರೆಯುವ ಮೊದಲ 20–25 ಮಿ.ಮೀ. ಬಹುಪಾಲು ಈ ಉರುಳಾಟ. ಆಮೇಲೆ ಮೇಲಿನ ಅಂತಸ್ತಿನಲ್ಲಿ ಡಿಸ್ಕ್ ಮತ್ತು ಕಾಂಡೈಲ್ ಒಟ್ಟಾಗಿ ದಿಬ್ಬದಿಂದ ಕೆಳಕ್ಕೆ, ಮುಂದಕ್ಕೆ ಜಾರುತ್ತವೆ. ಕಿವಿಯ ಮುಂದೆ ಬೆರಳಿಟ್ಟು ಆಕಳಿಸಿದರೆ ಬೆರಳ ಕೆಳಗೊಂದು ತಗ್ಗು ಬೀಳುವುದು ಕಾಂಡೈಲ್ ಹೀಗೆ ಮುಂದೆ ಹೋದದ್ದರಿಂದ.

ಹುಟ್ಟಿದ ಮಗುವಿನಲ್ಲಿ ಗುಳಿಯೂ ಇಲ್ಲ, ದಿಬ್ಬವೂ ಇಲ್ಲ ಎನ್ನುವಷ್ಟು ಈ ಜಾಗ ಚಪ್ಪಟೆ. ಹಾಲುಹಲ್ಲು ಪೂರ್ತಿ ಬರುವ ಮೂರನೇ ವರ್ಷದ ಹೊತ್ತಿಗೆ ದಿಬ್ಬದ ಇಳಿಜಾರು ವಯಸ್ಕರ ಅರ್ಧದಷ್ಟಾಗುತ್ತದೆ, ಇಪ್ಪತ್ತರ ಹೊತ್ತಿಗೆ ಬಹುಪಾಲು ಮುಗಿಯುತ್ತದೆ. ವಯಸ್ಕರಲ್ಲಿ ಅದು 30ರಿಂದ 60 ಡಿಗ್ರಿವರೆಗೆ ಇರಬಹುದು. ಇಷ್ಟು ದೊಡ್ಡ ಅಂತರವೂ ಸಹಜವೇ ಎನ್ನುವುದು ಗಮನಿಸಬೇಕಾದದ್ದು. ಹಲ್ಲು ಹುಟ್ಟುವುದು, ಅಗಿಯುವುದು, ಇಳಿಜಾರು ಕಡಿದಾಗುವುದು, ಇವೆಲ್ಲ ಜೊತೆಜೊತೆಗೇ ನಡೆಯುತ್ತವೆ. ಕೀಲು ಮೊದಲೇ ಸಿದ್ಧವಾಗಿ ಹಲ್ಲುಗಳಿಗೆ ಕಾಯುತ್ತಾ ಕೂತಿರುವುದಿಲ್ಲ.

ಅಡಕತ್ತರಿಯ ಲೆಕ್ಕ

ಅಡಕತ್ತರಿ ನೋಡಿದವರಿಗೆ ಕೆಳದವಡೆಯ ಯಂತ್ರಶಾಸ್ತ್ರ ಅರ್ಧ ಗೊತ್ತು. ಎರಡು ಹಿಡಿಗಳು ಒಂದು ತುದಿಯಲ್ಲಿ ಕೂಡಿಕೊಂಡಿವೆ. ಅಡಿಕೆಯನ್ನು ಆ ಕೂಡುವ ಜಾಗಕ್ಕೆ ಹತ್ತಿರ ಇಟ್ಟಷ್ಟೂ ಹಿಡಿಗಳ ತುದಿ ಅಗಲವಾಗಿ ತೆರೆದುಕೊಳ್ಳುತ್ತದೆ. ಬಾಯಲ್ಲಿ ಕೂಡುವ ಜಾಗ ಎಂದರೆ ಕಾಂಡೈಲ್, ಅಡಿಕೆಯ ಜಾಗದಲ್ಲಿ ಹಿಂದಿನ ದವಡೆಹಲ್ಲು, ತುದಿಯಲ್ಲಿ ಮುಂಹಲ್ಲು.

ಅಳತೆ ಹಾಕಿ ನೋಡೋಣ. ವಯಸ್ಕರಲ್ಲಿ ಪಕ್ಕದಿಂದ ನೋಡಿದಾಗ ಕಾಂಡೈಲ್‌ನಿಂದ ಕೊನೆಯ ದವಡೆಹಲ್ಲಿಗೆ ಸುಮಾರು 45 ಮಿ.ಮೀ., ಅಲ್ಲಿಂದ ಮುಂಹಲ್ಲಿಗೆ ಸುಮಾರು 40 ಮಿ.ಮೀ. ಎಂದುಕೊಳ್ಳಿ. ದವಡೆಹಲ್ಲು 1 ಮಿ.ಮೀ. ಮೇಲೆದ್ದು ಬಂದರೆ ಮುಂದೆ ಬಾಯಿ ತೆರೆದುಕೊಳ್ಳುವುದು 85ನ್ನು 45ರಿಂದ ಭಾಗಿಸಿದಷ್ಟು, ಹತ್ತಿರಹತ್ತಿರ 2 ಮಿ.ಮೀ. ಇನ್ನೊಂದು ಕಡೆಯಿಂದ ನೋಡಿದರೆ, ಕಾಂಡೈಲ್ 3 ಮಿ.ಮೀ. ಸವೆದು ಗಿಡ್ಡವಾದರೆ ದವಡೆ ಕೊನೆಯ ಹಲ್ಲಿನ ಮೇಲೆ ಏತದಂತೆ ತೂಗುತ್ತದೆ: ಹಿಂದೆ 3 ಮಿ.ಮೀ. ಏರಿದರೆ ಮುಂದೆ ಎರಡೂವರೆ ಮಿ.ಮೀ.ಗೂ ಹೆಚ್ಚು ತೆರೆದುಕೊಳ್ಳುತ್ತದೆ. ದವಡೆ ಹೀಗೆ ಪ್ರತಿ ಡಿಗ್ರಿ ಕೆಳಕ್ಕೆ ತಿರುಗಿದಾಗ ಗದ್ದ ಸುಮಾರು ಒಂದೂವರೆ ಮಿ.ಮೀ. ಹಿಂದಕ್ಕೆ ಹೋಗುತ್ತದೆ, ಹೆಚ್ಚುಕಡಿಮೆ ಅಷ್ಟೇ ಕೆಳಕ್ಕೂ ಇಳಿಯುತ್ತದೆ. ಮೂರು ಡಿಗ್ರಿ ತಿರುಗಿದರೆ ಮನೆಯವರ ಕಣ್ಣಿಗೂ ಬೀಳುವಷ್ಟು ಗದ್ದ ಹಿಂದೆ ಸರಿದಿರುತ್ತದೆ, ತುಟಿ ಮುಚ್ಚಲು ಗದ್ದದ ಚರ್ಮ ಬಿಗಿದು ಸುಕ್ಕುಗಟ್ಟುತ್ತದೆ.

ಇದು ಸರಳ ಲೆಕ್ಕ. ನಿಜವಾದ ದವಡೆ ಒಂದೇ ಬಿಂದುವಿನ ಸುತ್ತ ತಿರುಗುವುದಿಲ್ಲ, ಸ್ನಾಯುಗಳು ಸುಮ್ಮನಿರುವುದಿಲ್ಲ, ಹಲ್ಲುಗಳೂ ಸ್ವಲ್ಪ ಹೊಂದಿಕೊಳ್ಳುತ್ತವೆ. ಆದರೂ ಹಿಂದಿನ ಎತ್ತರ ಮತ್ತು ಮುಂದಿನ ಎತ್ತರದ ನಡುವಿನ ಈ ಚೌಕಾಸಿಯೇ ಮುಖದ ಆಕಾರವನ್ನು ನಿರ್ಧರಿಸುತ್ತದೆ.

ಉದ್ದ ಮುಖ, ಗಿಡ್ಡ ಮುಖ

ಹಿಂದಿನ ಎತ್ತರ ಹೆಚ್ಚುವುದು ಕಾಂಡೈಲ್ ಮೇಲಕ್ಕೆ ಬೆಳೆಯುವುದರಿಂದ ಮತ್ತು ಗುಳಿ ಇರುವ ಮೂಳೆ ಕೆಳಕ್ಕೆ ಬರುವುದರಿಂದ. ಮುಂದಿನ ಎತ್ತರ ಹೆಚ್ಚುವುದು ಮೇಲ್ದವಡೆ ಕೆಳಗಿಳಿದು, ಮೇಲಿನ ಕೆಳಗಿನ ದವಡೆಹಲ್ಲುಗಳು ಉದ್ದ ಬೆಳೆಯುವುದರಿಂದ. ಹಿಂದಿನದು ಗೆದ್ದರೆ ಗದ್ದ ಮೇಲಕ್ಕೂ ಮುಂದಕ್ಕೂ ತಿರುಗಿ, ಮುಖ ಚೌಕ ಮತ್ತು ಗಿಡ್ಡವಾಗುತ್ತದೆ, ಮೇಲಿನ ಹಲ್ಲು ಕೆಳಗಿನದನ್ನು ಮುಚ್ಚಿಬಿಡುತ್ತದೆ. ಮುಂದಿನದು ಗೆದ್ದರೆ ಗದ್ದ ಕೆಳಕ್ಕೂ ಹಿಂದಕ್ಕೂ ಹೋಗುತ್ತದೆ. ಮುಖ ಉದ್ದ, ದವಡೆಯ ಮೂಲೆಯ ಕೋನ ಅಗಲ, ನಕ್ಕಾಗ ವಸಡು ಕಾಣಬಹುದು, ಮುಂದಿನ ಹಲ್ಲುಗಳ ನಡುವೆ ಸಂದು ಉಳಿಯಬಹುದು. ಈ ಎರಡು ಬಗೆಗೆ ಅಮೆರಿಕದ ಷೂಡಿ 1964ರ ಹೊತ್ತಿಗೆ ಹೈಪೊಡೈವರ್ಜೆಂಟ್, ಹೈಪರ್‌ಡೈವರ್ಜೆಂಟ್ ಎಂಬ ಹೆಸರು ಕೊಟ್ಟರು. ದಂತ ಕಾಲೇಜುಗಳಲ್ಲಿ ಇಂದಿಗೂ ಅದೇ ಮಾತು.

ಈ ತಿರುಗಾಟವನ್ನು ಕಣ್ಣಾರೆ ತೋರಿಸಿದವರು ಡೆನ್ಮಾರ್ಕ್‌ನ ಆರ್ನೆ ಬ್ಯೋರ್ಕ್. 1951ರಿಂದ ಕೋಪನ್‌ಹೇಗನ್‌ನಲ್ಲಿ ಮಕ್ಕಳ ದವಡೆಯೊಳಗೆ ಪುಟ್ಟ ಲೋಹದ ಸೂಜಿಗಳನ್ನು ನೆಟ್ಟು, ವರ್ಷ ವರ್ಷ ಎಕ್ಸ್‌ರೇ ತೆಗೆದು ಒಂದರ ಮೇಲೊಂದು ಇಟ್ಟು ನೋಡಿದರು. (ಇಂದು ಯಾವ ನೈತಿಕ ಸಮಿತಿಯೂ ಅದಕ್ಕೆ ಸುಲಭಕ್ಕೆ ಒಪ್ಪಲಾರದು.) ಮೂಳೆಯ ಹೊರಮೈ ಒಂದು ಕಡೆ ಸವೆದು ಇನ್ನೊಂದು ಕಡೆ ಕೂಡಿಕೊಳ್ಳುವುದರಿಂದ ದವಡೆ ಒಳಗೊಳಗೇ ಎಷ್ಟು ತಿರುಗಿದೆ ಎನ್ನುವುದು ಹೊರಗಿನಿಂದ ಮುಚ್ಚಿಹೋಗಿರುತ್ತದೆ, ಅಲುಗದ ಸೂಜಿಗಳು ಅದನ್ನು ಬಯಲು ಮಾಡಿದವು. ಕಾಂಡೈಲ್ ವರ್ಷಕ್ಕೆ ಸರಾಸರಿ 3 ಮಿ.ಮೀ. ಬೆಳೆಯುತ್ತದೆ, ಹರೆಯದ ಜೋರಿನಲ್ಲಿ 5 ಮಿ.ಮೀ. ದಾಟುತ್ತದೆ, ಬೆಳೆಯುವ ದಿಕ್ಕು ಮಗುವಿನಿಂದ ಮಗುವಿಗೆ ಬೇರೆ ಎಂದು ಕಂಡಿತು. ಮೇಲಕ್ಕೆ ಮುಂದಕ್ಕೆ ಬಾಗಿ ಬೆಳೆದ ಕಾಂಡೈಲ್‌ನವರ ಗದ್ದ ಮುಂದೆ ಬಂತು; ಹಿಂದಕ್ಕೆ ಬಾಗಿ ಬೆಳೆದವರದು ಕೆಳಗೆ ಹೋಯಿತು.

1969ರಲ್ಲಿ ಬ್ಯೋರ್ಕ್ ಒಂದೇ ಎಕ್ಸ್‌ರೇಯಿಂದ ದಿಕ್ಕು ಊಹಿಸಲು ಏಳು ಗುರುತುಗಳನ್ನು ಹೇಳಿದರು. ಮೊದಲನೆಯದೇ ಕಾಂಡೈಲ್ ತಲೆಯ ಓರೆ. ಉಳಿದವು ದವಡೆಯೊಳಗಿನ ನರದ ಕಾಲುವೆಯ ಬಾಗು, ಕೆಳ ಅಂಚಿನ ಆಕಾರ, ಗದ್ದದ ಮೂಳೆಯ ವಾಲು, ಮೇಲೆ ಕೆಳಗಿನ ಮುಂಹಲ್ಲುಗಳ ನಡುವಿನ ಕೋನ, ಹಿಂಹಲ್ಲುಗಳ ನಡುವಿನ ಕೋನ ಮತ್ತು ಮುಖದ ಕೆಳಭಾಗದ ಎತ್ತರ. ಇವುಗಳಲ್ಲಿ ದಿನನಿತ್ಯ ಹೆಚ್ಚು ಉಪಯೋಗಕ್ಕೆ ಬರುವುದು ಕೆಳ ಅಂಚು: ಮೂಲೆಯ ಮುಂದೆ ಆಳವಾದ ಕಚ್ಚು ಇದ್ದರೆ ದವಡೆ ಹಿಂದಕ್ಕೆ ತಿರುಗುವ ಜಾತಿಯದು ಎಂದು ಎಚ್ಚರವಾಗಬೇಕು. ಒಂದೇ ಗುರುತು ನಂಬಿದರೆ ಮೋಸ. ಮೂರ್ನಾಲ್ಕು ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ಅದಕ್ಕೆ ತೂಕ.

ಅಳತೆಯ ಮಾತಿಗೆ ಬಂದರೆ, ಪಕ್ಕದ ತಲೆ ಎಕ್ಸ್‌ರೇಯಲ್ಲಿ ಮೂರು ಸಂಖ್ಯೆ ಸಾಕು. ತಲೆಬುರುಡೆಯ ತಳಕ್ಕೂ ಕೆಳದವಡೆಯ ಅಂಚಿಗೂ ನಡುವಿನ ಕೋನ ಸ್ಟೈನರ್ ಪ್ರಕಾರ ಸುಮಾರು 32 ಡಿಗ್ರಿ. ಕಿವಿ–ಕಣ್ಣಿನ ಗೆರೆಗೂ ದವಡೆಯ ಅಂಚಿಗೂ ನಡುವಿನದು ಟ್ವೀಡ್ ಪ್ರಕಾರ 25, ಅತ್ತಿತ್ತ 5 ಡಿಗ್ರಿ. ಮೂರನೆಯದು ಜರಾಬಕ್ ಅನುಪಾತ: ಮುಖದ ಹಿಂದಿನ ಎತ್ತರವನ್ನು ಮುಂದಿನ ಎತ್ತರದಿಂದ ಭಾಗಿಸಿದಾಗ ಸುಮಾರು 62ರಿಂದ 65 ಶೇಕಡಾ. ಅದಕ್ಕಿಂತ ಕಡಿಮೆಯಾದಷ್ಟೂ ಉದ್ದ ಮುಖದ ಕಡೆ, ಹೆಚ್ಚಾದಷ್ಟೂ ಗಿಡ್ಡ ಮುಖದ ಕಡೆ. ಕೀಲಿನ ಮತ್ತು ಮುಖದ ಸಂಬಂಧವನ್ನು ನೇರವಾಗಿ ಹೇಳುವುದು ಈ ಮೂರನೆಯ ಅಳತೆಯೇ. ಒಂದು ಎಚ್ಚರಿಕೆ: ಇಂಥ ಮಾನದಂಡಗಳು ಬಹುಪಾಲು ಬಿಳಿಯ ಅಮೆರಿಕನ್ನರಿಂದ ಬಂದವು. ಡೌನ್ಸ್ 1948ರಲ್ಲಿ ಕೊಟ್ಟ ಪ್ರಸಿದ್ಧ ಅಳತೆಗಳಿಗೆ ಆಧಾರವಾಗಿದ್ದದ್ದು ಕೇವಲ 20 ಮಂದಿ. ನಮ್ಮ ಊರಿನ ಹುಡುಗಿಯ ತುಟಿ ಇಂಥ ಮಾನದಂಡಕ್ಕಿಂತ ತುಸು ಮುಂದಿದ್ದರೆ ಅದು ರೋಗವಲ್ಲ.

ಕೀಲಿನ ಆಕಾರ ಮುಖದೊಂದಿಗೆ ಹೇಗೆ ಬದಲಾಗುತ್ತದೆ

ಶಂಕುವಿನಾಕಾರದ ಎಕ್ಸ್‌ರೇ ಕಿರಣ ಬಳಸುವ ಸಿಬಿಸಿಟಿ ಸ್ಕ್ಯಾನ್ ಬಂದ ಮೇಲೆ ಆರ್ಥೊಡಾಂಟಿಕ್ ರೋಗಿಗಳ ಕೀಲುಗಳನ್ನು ಮೂರು ಆಯಾಮದಲ್ಲಿ ಅಳೆಯುವುದು ಸುಲಭವಾಯಿತು. ಸ್ಥೂಲವಾಗಿ ಕಾಣುವ ಚಿತ್ರ ಹೀಗಿದೆ: ಉದ್ದ ಮುಖದವರಲ್ಲಿ ಕಾಂಡೈಲ್ ಸಣ್ಣದು, ರೇಮಸ್ ಗಿಡ್ಡ, ಗಿಡ್ಡ ಮುಖದವರಲ್ಲಿ ಕಾಂಡೈಲ್ ಅಗಲ, ರೇಮಸ್ ಎತ್ತರ. ಕೆಳದವಡೆ ಮುಂದೆ ಬಂದ ಮೂರನೇ ವರ್ಗದವರಲ್ಲಿ ಗುಳಿ ಅಗಲವಾಗಿ, ದಿಬ್ಬ ಚಪ್ಪಟೆಯಾಗಿರುವ ಒಲವು. ಮೇಲಿನ ಮುಂಹಲ್ಲು ಒಳಕ್ಕೆ ವಾಲಿ ಕೆಳಹಲ್ಲನ್ನು ಮುಚ್ಚಿಕೊಂಡಿರುವ ಎರಡನೇ ವರ್ಗದ ಎರಡನೇ ಬಗೆಯವರಲ್ಲಿ ದಿಬ್ಬ ಕಡಿದು. ಇದಕ್ಕೆ ಒಂದು ತರ್ಕವೂ ಇದೆ: ಮೇಲೆಕೆಳಗೆ ಮಾತ್ರ ಕತ್ತರಿಸುವ ಬಾಯಿಗೂ ಅಕ್ಕಪಕ್ಕ ಅರೆಯುವ ಬಾಯಿಗೂ ಕೀಲಿನ ಹಾದಿ ಒಂದೇ ಆಗಿರಲಾರದು.

ಸ್ನಾಯು ಈ ಚಿತ್ರದ ಇನ್ನೊಂದು ಅರ್ಧ. ಗಿಡ್ಡ ಚೌಕ ಮುಖದವರ ಕೆನ್ನೆಸ್ನಾಯು ದಪ್ಪ. ಉದ್ದ ಮುಖದ ವಯಸ್ಕರ ಕಚ್ಚುವ ಬಲ ಸಾಮಾನ್ಯ ಮುಖದವರ ಅರ್ಧಕ್ಕಿಂತ ಹೆಚ್ಚಿರುವುದಿಲ್ಲ ಎಂದು ಪ್ರಾಫಿಟ್ ಮತ್ತು ಜೊತೆಗಾರರು 1983ರಲ್ಲಿ ತೋರಿಸಿದರು. ಅದೇ ತಂಡ ಉದ್ದ ಮುಖದ ಮಕ್ಕಳನ್ನು ಅಳೆದಾಗ ಬಲದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮುಖ ಉದ್ದವಾದದ್ದು ಸ್ನಾಯು ಸೋತದ್ದರಿಂದಲೋ, ಮುಖ ಉದ್ದವಾದ ಮೇಲೆ ಸ್ನಾಯು ಬಲ ಗಳಿಸಲಿಲ್ಲವೋ ಎನ್ನುವ ಪ್ರಶ್ನೆ ಅಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ.

ಕಾಂಡೈಲ್ ಗುಳಿಯೊಳಗೆ ಎಲ್ಲಿ ಕೂತಿರಬೇಕು ಎನ್ನುವುದಕ್ಕೆ ಇಕೆಡ ಮತ್ತು ಕವಾಮುರ 2009ರಲ್ಲಿ ಆರೋಗ್ಯವಂತ ಕೀಲುಗಳ ಅಳತೆ ಕೊಟ್ಟರು: ಮುಂದೆ 1.3 ಮಿ.ಮೀ., ಮೇಲೆ 2.5 ಮಿ.ಮೀ., ಹಿಂದೆ 2.1 ಮಿ.ಮೀ. ಸಂದು. ಈ ಸಂಖ್ಯೆಗಳನ್ನು ಗೋಡೆಗೆ ಅಂಟಿಸಿಕೊಂಡು, ರೋಗಿಯ ಹಿಂದಿನ ಸಂದು 1.6 ಬಂತೆಂದು ಚಿಕಿತ್ಸೆ ಶುರುಮಾಡುವವರಿದ್ದಾರೆ. ಅದು ಸರಿಯಲ್ಲ. ನೋವಿಲ್ಲದ, ಚೆನ್ನಾಗಿ ಕೆಲಸ ಮಾಡುವ ಕೀಲುಗಳಲ್ಲೂ ಕಾಂಡೈಲ್ ಗುಳಿಯ ನಟ್ಟನಡುವೆ ಇರಲೇಬೇಕೆಂದಿಲ್ಲ. ಡಿಸ್ಕ್ ವಿಷಯವೂ ಹಾಗೇ: ಯಾವ ತೊಂದರೆಯೂ ಇಲ್ಲದ ಜನರನ್ನು ಎಂಆರ್‌ಐ ಮಾಡಿದಾಗ ಸುಮಾರು ಮೂರರಲ್ಲೊಬ್ಬರಲ್ಲಿ ಡಿಸ್ಕ್ ಸರಿದಿರುವುದು ಕಾಣುತ್ತದೆ.

ಕುರ್ಚಿಯಲ್ಲಿ ಕೂರಿಸಿ ಮಾಡುವ ಪರೀಕ್ಷೆ

ಸ್ಕ್ಯಾನ್‌ಗಿಂತ ಮೊದಲು ಒಂದು ಅಳತೆಪಟ್ಟಿ ಮತ್ತು ಎರಡು ಬೆರಳು. ರೋಗಿ ನೆಟ್ಟಗೆ ಕೂತಿರಬೇಕು. ಆದಷ್ಟು ಬಾಯಿ ತೆಗೆಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲಿನ ಅಂಚುಗಳ ನಡುವೆ ಅಳೆಯಿರಿ, ಮೇಲಿನ ಹಲ್ಲು ಕೆಳಗಿನದನ್ನು ಮುಚ್ಚಿದ್ದಷ್ಟನ್ನು ಕೂಡಿಸಿ. ವಯಸ್ಕರಲ್ಲಿ 40ರಿಂದ 50 ಮಿ.ಮೀ. ಸಾಮಾನ್ಯ. ಬೆರಳಿನಿಂದ ಹಿಗ್ಗಿಸಿದರೂ 40 ದಾಟದಿದ್ದರೆ ಕಾರಣ ಹುಡುಕಬೇಕು. ಅಕ್ಕಪಕ್ಕ ಸರಿಸುವುದು ಪ್ರತಿ ಬದಿಗೆ 7 ಮಿ.ಮೀ. ಮೇಲ್ಪಟ್ಟಿರಲಿ.

ಬಾಯಿ ತೆಗೆಯುವಾಗ ಗದ್ದ ಸಾಗುವ ದಾರಿ ನೋಡಿ. ಒಂದು ಕಡೆ ಬಾಗಿ ಮತ್ತೆ ಮಧ್ಯಕ್ಕೆ ಬಂದರೆ, ಜೊತೆಗೆ ಟಕ್ ಸದ್ದಿದ್ದರೆ, ಆ ಕಡೆಯ ಡಿಸ್ಕ್ ಸರಿದು ಮತ್ತೆ ಟೋಪಿಯಂತೆ ಕೂತಿದೆ. ಒಂದು ಕಡೆ ಬಾಗಿ ಅಲ್ಲೇ ಉಳಿದರೆ ಆ ಕಡೆಯ ಕಾಂಡೈಲ್ ಜಾರುತ್ತಿಲ್ಲ ಎಂದರ್ಥ. ಮರಳು ಅರೆದಂಥ ಸದ್ದು ಮೂಳೆಯ ಮೇಲ್ಮೈ ಒರಟಾದದ್ದರ ಸುಳಿವು. ನೋವಿಲ್ಲದ ಬರೀ ಟಕ್ ಸದ್ದಿಗೆ ಚಿಕಿತ್ಸೆ ಬೇಡ, ದಾಖಲೆ ಮಾತ್ರ ಬೇಕು. ಕ್ಲಿಪ್ ಹಾಕಿದ ಆರು ತಿಂಗಳಿಗೆ ‘ಇದು ಮೊದಲು ಇರಲಿಲ್ಲ’ ಎಂಬ ಮಾತು ಬಂದಾಗ ಆ ದಾಖಲೆಯ ಬೆಲೆ ಗೊತ್ತಾಗುತ್ತದೆ. ಸ್ನಾಯುವನ್ನು ಸುಮಾರು 1 ಕಿಲೊ ಒತ್ತಡದಿಂದ, ಕಾಂಡೈಲ್‌ನ ಹೊರತುದಿಯನ್ನು ಅರ್ಧ ಕಿಲೊ ಒತ್ತಡದಿಂದ ಒತ್ತಿ, ‘ಇದೇನಾ ನಿಮಗೆ ದಿನಾ ಆಗುವ ನೋವು?’ ಎಂದು ಕೇಳಬೇಕು. ಒತ್ತಿದರೆ ಯಾರಿಗಾದರೂ ನೋಯುತ್ತದೆ. ಪರಿಚಿತ ನೋವಾದರೆ ಮಾತ್ರ ಲೆಕ್ಕ. 2014ರ ಅಂತರರಾಷ್ಟ್ರೀಯ ರೋಗನಿರ್ಣಯ ಮಾನದಂಡ ಹೇಳುವುದೂ ಇದನ್ನೇ. ಒತ್ತಡದ ಅಂದಾಜು ಸಿಗದವರು ಅಡುಗೆಮನೆಯ ತೂಕದ ಯಂತ್ರದ ಮೇಲೆ ಬೆರಳೊತ್ತಿ ರೂಢಿಮಾಡಿಕೊಳ್ಳಬಹುದು.

ಬಾಯಿ ಕಡಿಮೆ ತೆರೆಯುವುದಕ್ಕೆ ಕರ್ನಾಟಕದಲ್ಲಿ ಇನ್ನೊಂದು ಕಾರಣವನ್ನು ಮರೆಯುವ ಹಾಗಿಲ್ಲ. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುತ್ತದೆ. ಕೀಲು ಸರಿಯಾಗಿಯೇ ಇರುತ್ತದೆ, ಬಾಯಿ ಮಾತ್ರ ತೆರೆಯುವುದಿಲ್ಲ. ಕೆನ್ನೆಯೊಳಗೆ ಬೆರಳಾಡಿಸಿದರೆ ಬಿಳಿಚಿದ ಗಟ್ಟಿ ಪಟ್ಟಿಗಳು ಸಿಗುತ್ತವೆ. ಕಾಲೇಜು ಹುಡುಗರಲ್ಲೂ ಇದು ಕಾಣುತ್ತದೆ, ಕೀಲಿನ ಸ್ಕ್ಯಾನ್ ಮಾಡಿಸಿ ಏನೂ ಸಿಗದೆ ಕೂರುವ ಮೊದಲು ಕೆನ್ನೆ ಮುಟ್ಟಿ ನೋಡಬೇಕು.

ಕೊನೆಗೆ ಹಲ್ಲು ಕೂಡುವ ಜಾಗ. ಗದ್ದವನ್ನು ಸಡಿಲ ಬಿಡಿಸಿ, ದವಡೆಯನ್ನು ಮೆಲ್ಲಗೆ ಮೇಲಕ್ಕೆ ನಡೆಸಿ ಮೊದಲು ಯಾವ ಹಲ್ಲು ತಾಕುತ್ತದೆ ಎಂದು ನೋಡಿ, ಆಮೇಲೆ ಗಟ್ಟಿಯಾಗಿ ಕಚ್ಚಿಸಿ. ಎರಡರ ನಡುವೆ 1 ಮಿ.ಮೀ. ಜಾರುವುದು ಬಹುತೇಕ ಎಲ್ಲರಲ್ಲೂ ಇರುತ್ತದೆ. 3–4 ಮಿ.ಮೀ. ಜಾರಿದರೆ ರೋಗಿ ರೂಢಿಯಿಂದ ದವಡೆಯನ್ನು ಮುಂದಿಟ್ಟುಕೊಂಡಿದ್ದಾರೆ. ಆ ಮುಂದಿನ ಸ್ಥಿತಿಯಲ್ಲಿ ತೆಗೆದ ಎಕ್ಸ್‌ರೇ, ಅಚ್ಚು, ಫೋಟೊ ಎಲ್ಲವೂ ಸುಳ್ಳು ಹೇಳುತ್ತವೆ. ಕ್ಲಿಪ್ ಹಾಕಿ ಹಲ್ಲು ಅಲುಗಿದ ಮೇಲೆ ದವಡೆ ತನ್ನ ನಿಜವಾದ ಜಾಗಕ್ಕೆ ಹಿಂದೆ ಸರಿದು, ‘ಚಿಕಿತ್ಸೆಯಿಂದ ಹಲ್ಲು ಇನ್ನೂ ಮುಂದೆ ಬಂತು’ ಎಂದು ಮನೆಯವರು ಗಾಬರಿಯಾಗುವುದು ಹೀಗೆ.

ಚಿತ್ರ ಓದುವಾಗ ಆಗುವ ತಪ್ಪುಗಳು

ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇಯಾದ ಒಪಿಜಿಯಲ್ಲಿ ಕಾಂಡೈಲ್‌ನ ಓರೆ ಮತ್ತು ಯಂತ್ರ ಸುತ್ತುವ ದಾರಿ ಸೇರಿ ಅದರ ಆಕಾರವನ್ನು ತಿರುಚುತ್ತವೆ. ಆದ್ದರಿಂದ ಒಪಿಜಿ ನೋಡಿ ‘ಕಾಂಡೈಲ್ ಚಪ್ಪಟೆ’ ಎನ್ನುವುದು ದುಡುಕು. ಎಡಬಲ ಎತ್ತರಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದಾಗ 3 ಶೇಕಡಾ ದಾಟಿದರೆ ಅಸಮತೆ ಇರಬಹುದು ಎಂಬುದು 1988ರ ಹೊತ್ತಿನ ಹಾಬೆಟ್ಸ್ ವಿಧಾನ. ತಲೆ ತುಸು ತಿರುಗಿದ್ದರೂ ಒಪಿಜಿಯಲ್ಲಿ ಸುಳ್ಳು ವ್ಯತ್ಯಾಸ ಬರುವುದರಿಂದಲೇ ಈ 3ರ ಗಡಿ.

ಸಿಬಿಸಿಟಿಯಲ್ಲಿ ತಪ್ಪು ಬೇರೆ ಬಗೆಯದು. ಪಕ್ಕದ ಹೋಳುಗಳನ್ನು ತಲೆಯ ನಡುಗೆರೆಗೆ ಸಮಾನಾಂತರವಾಗಿ ಕತ್ತರಿಸಿದರೆ ಕಾಂಡೈಲ್ ಓರೆಯಾಗಿ ತುಂಡಾಗುತ್ತದೆ, ಸಂದಿನ ಅಳತೆ ಹಾಳಾಗುತ್ತದೆ. ಮೊದಲು ಮೇಲಿನ ನೋಟದಲ್ಲಿ ಪ್ರತಿ ಕಾಂಡೈಲ್‌ನ ಉದ್ದನೆಯ ಅಕ್ಷವನ್ನು ಗುರುತಿಸಿ, ಅದಕ್ಕೆ ಲಂಬವಾಗಿ ಹೋಳು ತೆಗೆಯಬೇಕು. ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ. ಸ್ಕ್ಯಾನ್ ತೆಗೆಯುವಾಗ ಹಲ್ಲುಗಳು ಪೂರ್ತಿ ಕಚ್ಚಿಕೊಂಡಿದ್ದವೇ ಎಂದೂ ಕೇಳಬೇಕು. ಬಹಳ ಕಡೆ ಗದ್ದ ಅಲುಗದಿರಲೆಂದು ಮುಂಹಲ್ಲಿನ ನಡುವೆ ಕಡ್ಡಿ ಕೊಡುತ್ತಾರೆ. ಕಡ್ಡಿ ಕಚ್ಚಿದಾಗ ಕಾಂಡೈಲ್ ಅದಾಗಲೇ ತುಸು ಮುಂದೆ ಜಾರಿರಬಹುದು.

ಇನ್ನೊಂದು ದುಬಾರಿ ತಪ್ಪು ವಯಸ್ಸಿನದು. ಕಾಂಡೈಲ್‌ನ ಮೇಲಿನ ಗಟ್ಟಿ ಬಿಳಿ ಪದರ ಹನ್ನೆರಡು ಹದಿಮೂರನೇ ವಯಸ್ಸಿಗೆ ಶುರುವಾಗಿ ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ಪೂರ್ತಿಯಾಗುತ್ತದೆ. ಹದಿಮೂರರ ಹುಡುಗನಲ್ಲಿ ಆ ಪದರ ಕಾಣದಿದ್ದರೆ ಅದು ಸವೆತವಲ್ಲ, ಬೆಳವಣಿಗೆ. ಇಪ್ಪತ್ತೈದರ ಯುವತಿಯಲ್ಲಿ ಕಾಣದಿದ್ದರೆ ಮಾತು ಬೇರೆ. ಡಿಸ್ಕ್ ಸಿಬಿಸಿಟಿಯಲ್ಲಿ ಕಾಣುವುದೇ ಇಲ್ಲ, ಅದಕ್ಕೆ ಎಂಆರ್‌ಐ ಬೇಕು. ಪಕ್ಕದ ತಲೆ ಎಕ್ಸ್‌ರೇಯ ವಿಕಿರಣ 6 ಮೈಕ್ರೋಸೀವರ್ಟ್‌ಗಿಂತ ಕಡಿಮೆ, ಒಪಿಜಿಯದು ಸಾಮಾನ್ಯವಾಗಿ 25ರೊಳಗೆ. ಇಡೀ ಮುಖದ ಸಿಬಿಸಿಟಿ ಯಂತ್ರವನ್ನು ಅವಲಂಬಿಸಿ ಹತ್ತಾರರಿಂದ ನೂರಾರರವರೆಗೆ ಹೋಗುತ್ತದೆ. ಕ್ಲಿಪ್ ಹಾಕಿಸುವ ಪ್ರತಿ ಮಗುವಿಗೂ ವಾಡಿಕೆಯಂತೆ ಸಿಬಿಸಿಟಿ ಬರೆದುಕೊಡುವುದನ್ನು ಸಮರ್ಥಿಸಲಾಗದು.

ಮುಖ ನೋಡಿ ಮಣೆ ಹಾಕುವ ಚಿಕಿತ್ಸೆ

ಉದ್ದ ಮುಖದವರಲ್ಲಿ ಚಿಕಿತ್ಸೆಯ ಮೊದಲ ನಿಯಮ, ದವಡೆಹಲ್ಲು ಮೇಲೇಳದಂತೆ ಕಾಯುವುದು. ಮೇಲಿನ ಕೋರೆಹಲ್ಲಿನಿಂದ ಕೆಳಗಿನ ದವಡೆಹಲ್ಲಿಗೆ ಹಾಕುವ ರಬ್ಬರ್ ಬ್ಯಾಂಡ್ ಹಿಂದೆಮುಂದೆ ಎಳೆಯುವುದಷ್ಟೇ ಅಲ್ಲ, ಕೆಳಗಿನ ದವಡೆಹಲ್ಲನ್ನು ಮೇಲಕ್ಕೂ ಎತ್ತುತ್ತದೆ. ಚೌಕ ಮುಖದವರಲ್ಲಿ ಬಲವಾದ ಸ್ನಾಯು ಅದನ್ನು ತಡೆದುಕೊಳ್ಳುತ್ತದೆ. ಉದ್ದ ಮುಖದವರಲ್ಲಿ ಅಡಕತ್ತರಿಯ ಲೆಕ್ಕ ಶುರುವಾಗುತ್ತದೆ, ಗದ್ದ ಹಿಂದೆ ಹೋಗಿ ಸರಿಮಾಡಲು ಹೊರಟ ದೋಷವೇ ಹೆಚ್ಚುತ್ತದೆ. ವಯಸ್ಕರಲ್ಲಿ ಪುಟ್ಟ ಟೈಟಾನಿಯಂ ಸ್ಕ್ರೂಗಳನ್ನು ಮೂಳೆಗೆ ಕೂರಿಸಿ ದವಡೆಹಲ್ಲನ್ನು ಮೂಳೆಯೊಳಕ್ಕೆ ತಳ್ಳಿದರೆ ಇದೇ ಲೆಕ್ಕ ತಿರುಗಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ: ಹಿಂದೆ 2 ಮಿ.ಮೀ. ಒಳತಳ್ಳಿದರೆ ಮುಂದೆ 4 ಮಿ.ಮೀ. ಹತ್ತಿರ ಮುಚ್ಚಿಕೊಳ್ಳುತ್ತದೆ.

ಬೆಳೆಯುವ ಮಕ್ಕಳಲ್ಲಿ ಕೆಳದವಡೆ ಹಿಂದಿದ್ದರೆ ಟ್ವಿನ್ ಬ್ಲಾಕ್ ಬಳಸುತ್ತಾರೆ. ಸ್ಕಾಟ್ಲೆಂಡ್‌ನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದ ಈ ಜೋಡಿ ಮಣೆಗಳು ಕಚ್ಚಿದಾಗಲೆಲ್ಲ ದವಡೆಯನ್ನು ಮುಂದಕ್ಕೆ ಜಾರಿಸುತ್ತವೆ. ಗಿಡ್ಡ ಮುಖದ ಮಗುವಿಗೆ ಮೇಲಿನ ಮಣೆಯನ್ನು ಪ್ರತಿ ಭೇಟಿಯಲ್ಲೂ 1–2 ಮಿ.ಮೀ. ಉಜ್ಜಿ, ಕೆಳಗಿನ ದವಡೆಹಲ್ಲು ಎದ್ದುಬರಲು ಜಾಗ ಬಿಡಬೇಕು. ಉದ್ದ ಮುಖದ ಮಗುವಿಗೆ ಅದನ್ನು ಉಜ್ಜಲೇಬಾರದು. ಆಗಷ್ಟೇ ಹುಟ್ಟುತ್ತಿರುವ ಎರಡನೇ ದವಡೆಹಲ್ಲು ಮಣೆಯ ಹಿಂದಿನಿಂದ ನುಸುಳಿ ಎದ್ದುಬಿಡುವುದು ಸಾಮಾನ್ಯ ಎಡವಟ್ಟು. ತಂತಿಯ ಆಸರೆ ಕೊಟ್ಟು ಅದನ್ನು ತಡೆಯದಿದ್ದರೆ ಒಂದೇ ಹಲ್ಲು ಇಡೀ ಬಾಯಿಯನ್ನು ತೆರೆದಿಡುತ್ತದೆ. ಇಂಥ ಸಾಧನ ಕಾಂಡೈಲ್‌ನ ಬೆಳವಣಿಗೆಯನ್ನು ಚುರುಕುಗೊಳಿಸುತ್ತದೆ ಎನ್ನುವುದು ನಿಜ. ವರ್ಷಗಳ ಮೇಲೆ ಅಳೆದರೆ ಉಳಿಯುವ ಹೆಚ್ಚುವರಿ ಉದ್ದ ಒಂದೆರಡು ಮಿಲಿಮೀಟರ್ ಮಾತ್ರ. ಉಳಿದ ತಿದ್ದುಪಡಿ ಹಲ್ಲು ಅಲುಗಿದ್ದರಿಂದ ಬಂದದ್ದು. ‘ದವಡೆಯನ್ನೇ ಬೆಳೆಸುತ್ತೇವೆ’ ಎಂಬ ಜಾಹೀರಾತನ್ನು ಆ ಅಳತೆಯಲ್ಲಿ ಓದಿಕೊಳ್ಳಿ.

ಕ್ಲಿಪ್‌ನಿಂದ ಕೀಲು ನೋವು ಬರುತ್ತದೆಯೇ? 1987ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಒಂದು ಜ್ಯೂರಿ ಹೌದೆಂದು ನಂಬಿ ರೋಗಿಗೆ ಭಾರಿ ಪರಿಹಾರ ಕೊಡಿಸಿತು. ಆ ಪ್ರಕರಣ ವೃತ್ತಿಯನ್ನೇ ಅಲುಗಿಸಿ, ದೊಡ್ಡ ಪ್ರಮಾಣದ ಸಂಶೋಧನೆಗೆ ದಾರಿಮಾಡಿತು. ಹಲ್ಲು ಕೀಳಿಸಿ ಕ್ಲಿಪ್ ಹಾಕಿದರೆ ಕಾಂಡೈಲ್ ಹಿಂದಕ್ಕೆ ನೂಕಿ ಡಿಸ್ಕ್ ಜಾರುತ್ತದೆ ಎಂಬ ಆಗಿನ ವಾದಕ್ಕೆ ಆಧಾರ ಸಿಗಲಿಲ್ಲ. ಚಿಕಿತ್ಸೆ ಕೀಲು ನೋವನ್ನು ತರುವುದೂ ಇಲ್ಲ, ಬಾರದಂತೆ ತಡೆಯುವುದೂ ಇಲ್ಲ ಎನ್ನುವುದೇ ಇಂದಿನ ತಿಳುವಳಿಕೆ. ಕೀಲು ನೋವು ಹೋಗಲೆಂದೇ ಕ್ಲಿಪ್ ಹಾಕಿಸಿಕೊಳ್ಳಿ ಎನ್ನುವವರಿಗೂ ಈ ತಿಳುವಳಿಕೆ ಅನ್ವಯಿಸುತ್ತದೆ.

ಕೀಲೇ ಕಾಯಿಲೆ ಬಿದ್ದಾಗ

ಇಲ್ಲಿಯವರೆಗೆ ಹೇಳಿದ್ದು ಸಹಜ ವ್ಯತ್ಯಾಸಗಳ ಮಾತು. ಕೆಲವು ಮುಖಗಳ ಹಿಂದೆ ಮಾತ್ರ ನಿಜವಾದ ರೋಗವಿರುತ್ತದೆ.

ಗದ್ದ ಒಂದು ಕಡೆಗೆ ಸರಿದಿದ್ದರೆ ಮೊದಲು ಗದ್ದದ ಕೆಳಗೆ ಹಳೆಯ ಹೊಲಿಗೆಯ ಗುರುತು ಇದೆಯೇ ನೋಡಿ. ಚಿಕ್ಕಂದಿನಲ್ಲಿ ಮುಗ್ಗರಿಸಿ ಗದ್ದದ ಮೇಲೆ ಬಿದ್ದಾಗ ಚರ್ಮಕ್ಕೆ ಹೊಲಿಗೆ ಬಿದ್ದಿರುತ್ತದೆ, ಮುರಿದ ಕಾಂಡೈಲ್ ಯಾರ ಗಮನಕ್ಕೂ ಬಂದಿರುವುದಿಲ್ಲ. ಆ ಕಡೆ ಬೆಳವಣಿಗೆ ಹಿಂದುಳಿದು ಗದ್ದ ಪೆಟ್ಟಾದ ಕಡೆಗೇ ವಾಲುತ್ತದೆ. ಕೀಲು ಪೂರ್ತಿ ಬೆಸೆದುಕೊಂಡರೆ ಬಾಯಿಯೇ ತೆರೆಯುವುದಿಲ್ಲ. ಇದಕ್ಕೆ ವಿರುದ್ಧವಾದದ್ದು ಒಂದು ಕಡೆಯ ಕಾಂಡೈಲ್ ನಿಲ್ಲದೆ ಬೆಳೆಯುವುದು. ಆಗ ಗದ್ದ ಎದುರು ಬದಿಗೆ ಹೋಗುತ್ತದೆ. ಬೆಳವಣಿಗೆ ಇನ್ನೂ ನಡೆದಿದೆಯೇ ಎಂದು ತಿಳಿಯಲು ಸ್ಪೆಕ್ಟ್ ಎಂಬ ಮೂಳೆ ಸ್ಕ್ಯಾನ್ ಇದೆ. ಎಡಬಲಗಳ ನಡುವೆ 10 ಶೇಕಡಾ ಮೀರಿದ ವ್ಯತ್ಯಾಸ ಬಂದರೆ ಆ ಕಾಂಡೈಲ್ ಇನ್ನೂ ಚುರುಕಾಗಿದೆ ಎಂದು ಹಿಡಿಯುತ್ತಾರೆ. ಆ ಸ್ಥಿತಿಯಲ್ಲಿ ಹಲ್ಲು ಎಷ್ಟು ಜೋಡಿಸಿದರೂ ಮತ್ತೆ ಕೆಡುತ್ತದೆ.

ಮಕ್ಕಳ ಸಂಧಿವಾತ ದವಡೆ ಕೀಲನ್ನು ಸದ್ದಿಲ್ಲದೆ ತಿನ್ನಬಲ್ಲದು. ಮಗು ನೋವೆಂದು ಹೇಳದೆಯೂ ಬಾಯಿ ತೆರೆಯುವ ಅಳತೆ ಕುಗ್ಗುತ್ತದೆ, ಗದ್ದ ಹಿಂದುಳಿಯುತ್ತದೆ. ಮೊಣಕಾಲು, ಮಣಿಕಟ್ಟು ಬೆಳಿಗ್ಗೆ ಬಿಗಿಯುತ್ತದೆಯೇ ಎಂದು ಕೇಳುವುದು ಹಲ್ಲಿನ ವೈದ್ಯರ ಕೆಲಸವೂ ಹೌದು.

ಹೆಚ್ಚು ದಾರಿತಪ್ಪಿಸುವುದು ಕಾರಣ ತಿಳಿಯದ ಕಾಂಡೈಲ್ ಕರಗುವಿಕೆ. ಹದಿನೈದರಿಂದ ಮೂವತ್ತೈದರ ನಡುವಿನ ಹೆಣ್ಣುಮಕ್ಕಳಲ್ಲೇ ಬಹುಪಾಲು. ಎರಡೂ ಕಾಂಡೈಲ್‌ಗಳು ಸಮನಾಗಿ ಕರಗುವುದರಿಂದ ಮುಖ ವಾರೆಯಾಗುವುದಿಲ್ಲ, ನೋವೂ ಇರದಿರಬಹುದು. ಚಿಕಿತ್ಸೆ ನಡೆದಿರುವಾಗಲೇ ಮುಂಹಲ್ಲಿನ ನಡುವೆ ಸಂದು ಬೀಳುತ್ತದೆ. ರಬ್ಬರ್ ಬ್ಯಾಂಡ್ ಹಾಕಿಲ್ಲವೇನೋ ಎಂದು ರೋಗಿಯನ್ನು ಗದರಿಸಿ, ಇನ್ನೂ ಬಿಗಿಯಾದ ಬ್ಯಾಂಡ್ ಕೊಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಮಾಡಬೇಕಾದ್ದು ಇಷ್ಟು: ಎಳೆತ ನಿಲ್ಲಿಸಿ, ತಂತಿಯನ್ನು ಸುಮ್ಮನಿರುವಂಥದ್ದಕ್ಕೆ ಬದಲಿಸಿ, ಹೊಸ ಪಕ್ಕದ ಎಕ್ಸ್‌ರೇ ತೆಗೆದು ಶುರುವಿನದರ ಮೇಲಿಟ್ಟು ರೇಮಸ್ ಗಿಡ್ಡವಾಗಿದೆಯೇ ಅಳೆಯಿರಿ. ಸಣ್ಣ ಕ್ಷೇತ್ರದ ಸಿಬಿಸಿಟಿ ಇಲ್ಲಿ ನ್ಯಾಯವಾದ ಖರ್ಚು. ಸಂಧಿವಾತದ ರಕ್ತಪರೀಕ್ಷೆ ಮಾಡಿಸಿ, ಇತ್ತೀಚೆಗೆ ಮುಟ್ಟು ತಪ್ಪಿದೆಯೇ, ಸ್ಟೆರಾಯ್ಡ್ ತೆಗೆದುಕೊಂಡಿದ್ದಾರೆಯೇ ಕೇಳಿ. ಆಮೇಲೆ ಆರು ತಿಂಗಳಿಗೊಮ್ಮೆ ಅದೇ ಅಳತೆ. ಸತತ ಒಂದರಿಂದ ಎರಡು ವರ್ಷ ಅಳತೆ ಅಲುಗದೆ ನಿಂತ ಮೇಲೆಯೇ ಶಸ್ತ್ರಚಿಕಿತ್ಸೆಯಾಗಲಿ, ಹೊಸ ಕ್ಲಿಪ್ ಆಗಲಿ ಮಾತಿಗೆ ಬರಬೇಕು.